ಐದು ಹೊತ್ತಿನ ಬಿಡುವು

ಮಸೀದಿಯಿಂದ ದಿನಕ್ಕೆ ಐದು ಸಲ ಕೇಳಿಬರುವ ಬಾಂಗು ಕನ್ನಡ ನಾಡಿನ ಕಿವಿಗೆ ಹೊಸದಲ್ಲ. ಸಂಜೆಯ ಬಾಂಗು ಕೇಳಿದೊಡನೆ ಪೇಟೆಯ ಹಣ್ಣಿನ ಗಾಡಿಯವನು ತಕ್ಕಡಿ ಬದಿಗಿಟ್ಟು, ಪಕ್ಕದ ಗಾಡಿಯವನಿಗೆ 'ಸ್ವಲ್ಪ ನೋಡ್ಕೊಳ್ಳಿ' ಎಂದು ಹೇಳಿ ಮಸೀದಿಯತ್ತ ನಡೆಯುವುದನ್ನು ಎಲ್ಲರೂ ಕಂಡಿರುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಅವನು ಹಿಂತಿರುಗುತ್ತಾನೆ. ಮುಖ, ಮುಂಗೈಗಳ ಮೇಲೆ ಇನ್ನೂ ನೀರಿನ ತೇವವಿರುತ್ತದೆ. ಮತ್ತೆ ತಕ್ಕಡಿ ಕೈಗೆ ಬರುತ್ತದೆ, ಚೌಕಾಶಿ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಹತ್ತು ನಿಮಿಷದಲ್ಲಿ ಅವನು ಏನು ಮಾಡಿ ಬಂದ, ಏನನ್ನು ಪಡೆದು ಬಂದ ಎಂಬುದು ಎಷ್ಟೋ ವರ್ಷ ಜೊತೆಗೆ ವ್ಯಾಪಾರ ಮಾಡಿದ ಪಕ್ಕದ ಗಾಡಿಯವನಿಗೂ ಹೆಚ್ಚಾಗಿ ತಿಳಿದಿರುವುದಿಲ್ಲ.

ಹೊರಗಿನಿಂದ ನೋಡುವವರಿಗೆ ನಮಾಜು ಒಂದು ಕಟ್ಟುನಿಟ್ಟಿನ ವಿಧಿಯಾಗಿ ಕಾಣುತ್ತದೆ. ಒಳಗಿನ ಪರಂಪರೆ ಅದನ್ನು ಕರ್ತವ್ಯವೆಂದೂ ಕರೆಯುತ್ತದೆ, ವಿಶ್ರಾಂತಿಯೆಂದೂ ಕರೆಯುತ್ತದೆ. ಪ್ರವಾದಿ ಮುಹಮ್ಮದರು ಬಾಂಗು ಕೊಡುವಂತೆ ಬಿಲಾಲರಿಗೆ ಹೇಳುವಾಗ, ಈ ಪ್ರಾರ್ಥನೆಯ ಮೂಲಕ ನಮಗೆ ವಿಶ್ರಾಂತಿ ಒದಗಿಸು ಎಂಬ ಅರ್ಥದ ಮಾತನ್ನಾಡುತ್ತಿದ್ದರೆಂದು ಹದೀಸು ಸಂಗ್ರಹಗಳಲ್ಲಿ ದಾಖಲಾಗಿದೆ. ಕಡ್ಡಾಯವಾದದ್ದು ವಿಶ್ರಾಂತಿಯಾಗುವುದು ಹೇಗೆ? ದಿನಕ್ಕೆ ಐದು ಸಲ ಅದೇ ಮಾತು, ಅದೇ ಚಲನೆ ಮನಸ್ಸನ್ನು ಹಗುರ ಮಾಡುತ್ತದೆಯೋ, ಇನ್ನಷ್ಟು ಭಾರ ಹೇರುತ್ತದೆಯೋ? ಈ ಪ್ರಶ್ನೆ ಇಂದಿನದಲ್ಲ. ಸಾವಿರ ವರ್ಷಗಳಿಗೂ ಹಿಂದಿನಿಂದ ಮುಸ್ಲಿಂ ವಿದ್ವಾಂಸರು ಇದನ್ನು ಗಂಭೀರವಾಗಿ ಚರ್ಚಿಸುತ್ತ ಬಂದಿದ್ದಾರೆ.

ದುಃಖದ ವರ್ಷದ ಬಳಿಕ

'ನಮಾಜು' ಎಂಬುದು ಅರಬ್ಬಿ ಪದವಲ್ಲ, ಪಾರಸಿಯದು. ಸಂಸ್ಕೃತದ 'ನಮಸ್' ಶಬ್ದಕ್ಕೂ ಅದಕ್ಕೂ ಮೂಲ ಒಂದೇ. ಅಂದರೆ ನಮಾಜು ಮತ್ತು ನಮಸ್ಕಾರ ದೂರದ ದಾಯಾದಿಗಳು. ಕೇರಳದ ಮಾಪಿಳ್ಳೆ ಮುಸ್ಲಿಮರು ಇದನ್ನು 'ನಿಸ್ಕಾರ' ಎಂದೇ ಕರೆಯುತ್ತಾರೆ. ಕುರ್‌ಆನಿನ ಅರಬ್ಬಿಯಲ್ಲಿ ಇದರ ಹೆಸರು 'ಸಲಾತ್'. ಶ್ರದ್ಧೆಯ ಘೋಷಣೆ, ಐದು ಹೊತ್ತಿನ ಪ್ರಾರ್ಥನೆ, ಕಡ್ಡಾಯ ದಾನವಾದ ಜಕಾತ್, ರಂಜಾನಿನ ಉಪವಾಸ, ಸಾಧ್ಯವಿದ್ದವರಿಗೆ ಹಜ್ ಯಾತ್ರೆ ಇವು ಇಸ್ಲಾಮಿನ ಐದು ಸ್ತಂಭಗಳು. ಇವುಗಳ ಪೈಕಿ ಪ್ರತಿದಿನದ ಬದುಕಿನೊಳಗೆ ಬಿಡದೆ ಹೆಣೆದುಕೊಂಡಿರುವುದು ನಮಾಜು.

ಅದು ಐದು ಹೊತ್ತಿನದಾದ ಕಥೆಯನ್ನು ಪರಂಪರೆ ಪ್ರವಾದಿಯ ಬದುಕಿನ ಅತ್ಯಂತ ಕಷ್ಟದ ಕಾಲದೊಂದಿಗೆ ಜೋಡಿಸುತ್ತದೆ. ಕ್ರಿ.ಶ. 619ರ ಸುಮಾರಿಗೆ ಅವರ ಪತ್ನಿ ಖದೀಜಾ ತೀರಿಕೊಂಡರು. ಸುಮಾರು ಇಪ್ಪತ್ತೈದು ವರ್ಷಗಳ ಸಂಗಾತಿ ಅವರು. ಮೊದಲು ನಂಬಿದವರೂ ಅವರೇ. ಅದೇ ಅವಧಿಯಲ್ಲಿ, ತಂದೆತಾಯಿಯಿಲ್ಲದ ಅವರನ್ನು ಸಾಕಿ ಬೆಳೆಸಿ ಮಕ್ಕಾದ ವಿರೋಧಿಗಳಿಂದ ಕಾಪಾಡುತ್ತಿದ್ದ ದೊಡ್ಡಪ್ಪ ಅಬೂತಾಲಿಬರೂ ಇಲ್ಲವಾದರು. ಇಸ್ಲಾಮೀ ಇತಿಹಾಸಕಾರರು ಇದನ್ನು 'ದುಃಖದ ವರ್ಷ' ಎಂದು ಕರೆದಿದ್ದಾರೆ. ಆಸರೆ ಹುಡುಕಿಕೊಂಡು ತಾಯಿಫ್ ಪಟ್ಟಣಕ್ಕೆ ಹೋದರೆ ಅಲ್ಲಿ ಕಲ್ಲೇಟು ಬಿತ್ತು. ಈ ಸಂಕಟಗಳ ನಂತರ, 622ರಲ್ಲಿ ಮದೀನಾಕ್ಕೆ ವಲಸೆ ಹೋಗುವ ಮುನ್ನ, 'ಮಿಅರಾಜ್' ಎಂಬ ಆಕಾಶಯಾತ್ರೆ ನಡೆಯಿತೆಂದೂ ಐದು ಹೊತ್ತಿನ ಪ್ರಾರ್ಥನೆ ಅಲ್ಲಿ ದೊರೆತ ಕೊಡುಗೆಯೆಂದೂ ನಂಬಲಾಗುತ್ತದೆ.

ಆ ಕಥೆಯ ಒಂದು ವಿವರ ಸ್ವಾರಸ್ಯಕರವಾಗಿದೆ. ಮೊದಲು ವಿಧಿಸಿದ್ದು ದಿನಕ್ಕೆ ಐವತ್ತು ಹೊತ್ತಿನ ಪ್ರಾರ್ಥನೆ. ಹಿಂತಿರುಗುವ ದಾರಿಯಲ್ಲಿ ಎದುರಾದ ಪ್ರವಾದಿ ಮೂಸಾ, ನಿನ್ನ ಜನಕ್ಕೆ ಇದು ನಿಭಾಯಿಸಲಾಗದು, ಹೋಗಿ ಕಡಿಮೆ ಮಾಡಿಸಿಕೊಂಡು ಬಾ ಎಂದು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿದರು. ಕೊನೆಗೆ ಐದು ಉಳಿಯಿತು; ಐದಕ್ಕೆ ಐವತ್ತರ ಫಲ ಎಂಬ ಭರವಸೆಯೂ ದೊರೆಯಿತು. ಮನುಷ್ಯನ ಶಕ್ತಿಯ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಈ ವಿಧಿ ರೂಪುಗೊಂಡಿತೆಂಬ ತಿಳುವಳಿಕೆ ಕಥೆಯ ಹೊಟ್ಟೆಯಲ್ಲೇ ಇದೆ.

ಬಾಂಗು ಆರಂಭವಾದದ್ದು ಮದೀನಾದಲ್ಲಿ. ಜನರನ್ನು ಕರೆಯಲು ಗಂಟೆ ಬಾರಿಸುವುದೇ, ಕೊಂಬು ಊದುವುದೇ ಎಂಬ ಚರ್ಚೆ ನಡೆದು ಕೊನೆಗೆ ಮನುಷ್ಯನ ಕಂಠವೇ ಸಾಕೆಂದು ತೀರ್ಮಾನವಾಯಿತು. ಆ ಕೆಲಸ ಒಪ್ಪಿಸಿದ್ದು ಬಿಲಾಲರಿಗೆ. ಅಬಿಸೀನಿಯಾ ಮೂಲದ ಅವರು ಮಕ್ಕಾದಲ್ಲಿ ಗುಲಾಮರಾಗಿದ್ದು, ನಂಬಿಕೆಗಾಗಿ ಚಿತ್ರಹಿಂಸೆ ಅನುಭವಿಸಿ ಬಿಡುಗಡೆ ಪಡೆದವರು.

ನೆರಳು ಅಳೆದು ಹೊತ್ತು

ಐದು ನಮಾಜುಗಳು ಗಡಿಯಾರಕ್ಕೆ ಕಟ್ಟುಬಿದ್ದವಲ್ಲ, ಸೂರ್ಯನ ಚಲನೆಗೆ ಹೊಂದಿಕೊಂಡವು. ಮೂಡಣದಲ್ಲಿ ನಸುಬೆಳಕು ಹರಡಿದಾಗಿನಿಂದ ಸೂರ್ಯ ಹುಟ್ಟುವವರೆಗೆ ಫಜರ್. ಸೂರ್ಯ ನೆತ್ತಿಯಿಂದ ಪಡುವಣಕ್ಕೆ ವಾಲಿದ ಮೇಲೆ ಜುಹರ್. ನೆರಳು ಉದ್ದವಾಗುವ ಇಳಿಹೊತ್ತಿಗೆ ಅಸರ್. ಸೂರ್ಯ ಮುಳುಗಿದೊಡನೆ ಮಗ್ರಿಬ್. ಸಂಜೆಗೆಂಪು ಪೂರ್ತಿ ಮಾಸಿ ಕತ್ತಲಾದ ಮೇಲೆ ಇಶಾ. ಸರಿಯಾಗಿ ಸೂರ್ಯ ಹುಟ್ಟುವ, ನೆತ್ತಿಯ ಮೇಲಿರುವ ಮತ್ತು ಮುಳುಗುವ ಕ್ಷಣಗಳಲ್ಲಿ ಪ್ರಾರ್ಥನೆಗೆ ಅವಕಾಶವಿಲ್ಲ. ಪ್ರಾರ್ಥನೆಯನ್ನು ಸೂರ್ಯಾರಾಧನೆಯೆಂದು ತಿಳಿಯಬಾರದೆಂಬುದು ಇದರ ಹಿಂದಿನ ಕಾಳಜಿ.

ಅಸರ್ ಹೊತ್ತಿನ ಲೆಕ್ಕದಲ್ಲಿ ಕರ್ನಾಟಕದೊಳಗೇ ಒಂದು ವ್ಯತ್ಯಾಸವಿದೆ. ಮಂಗಳೂರು ಸೀಮೆಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿ ಪಂಥವನ್ನು ಅನುಸರಿಸುತ್ತಾರೆ. ನಡುಹಗಲಿನ ನೆರಳನ್ನು ಬಿಟ್ಟು, ವಸ್ತುವಿನ ನೆರಳು ಅದರ ಎತ್ತರಕ್ಕೆ ಸಮನಾದಾಗ ಅವರಿಗೆ ಅಸರ್ ಆರಂಭವಾಗುತ್ತದೆ. ಘಟ್ಟದ ಮೇಲಿನ ದಖ್ಖನಿ ಮುಸ್ಲಿಮರು ಹೆಚ್ಚಾಗಿ ಹನಫಿ ಪಂಥದವರು. ನೆರಳು ಎತ್ತರದ ಎರಡರಷ್ಟಾಗುವವರೆಗೆ ಅವರು ಕಾಯುತ್ತಾರೆ. ಹೀಗಾಗಿ ಮಂಗಳೂರಿನಲ್ಲಿ ಇಳಿಹೊತ್ತಿನ ನಮಾಜು ಮುಗಿದಿದ್ದರೂ ವಿಜಯಪುರದಲ್ಲಿ ಅದರ ಬಾಂಗು ಇನ್ನೂ ಕೇಳಿರುವುದಿಲ್ಲ.

ಈ ನೆರಳಿನ ಲೆಕ್ಕವೇ ಮುಸ್ಲಿಂ ಲೋಕದಲ್ಲಿ ಖಗೋಳಶಾಸ್ತ್ರವನ್ನು ಬೆಳೆಸಿದ ಕಾರಣಗಳಲ್ಲಿ ಒಂದು. ದೊಡ್ಡ ಮಸೀದಿಗಳಲ್ಲಿ 'ಮುವಖ್ಖಿತ್' ಎಂಬ ಹೊತ್ತು ನಿರ್ಣಯಿಸುವ ಅಧಿಕಾರಿ ಇರುತ್ತಿದ್ದ. ದಮಾಸ್ಕಸ್ಸಿನ ಉಮಯ್ಯದ್ ಮಸೀದಿಯಲ್ಲಿ ಈ ಹುದ್ದೆಯಲ್ಲಿದ್ದ ಇಬ್ನ್ ಅಲ್-ಶಾತಿರ್ 14ನೆಯ ಶತಮಾನದ ಶ್ರೇಷ್ಠ ಖಗೋಳಜ್ಞ. 1371-72ರಲ್ಲಿ ಅವನು ಆ ಮಸೀದಿಯ ಮಿನಾರಿಗೆಂದು ಅಮೃತಶಿಲೆಯ ನೆರಳುಗಡಿಯಾರವನ್ನು ರಚಿಸಿದ. ಮಕ್ಕಾದ ದಿಕ್ಕನ್ನು, ಅಂದರೆ ಕಿಬ್ಲಾವನ್ನು, ಕರಾರುವಾಕ್ಕಾಗಿ ಕಂಡುಹಿಡಿಯುವ ಗಣಿತದ ಮೇಲೆ ಅಲ್-ಬಿರೂನಿ 11ನೆಯ ಶತಮಾನದಲ್ಲೇ ಗ್ರಂಥ ಬರೆದಿದ್ದ.

ಆದರೆ ಸಾಮಾನ್ಯನಿಗೆ ಮುಖ್ಯವಾದದ್ದು ಗಣಿತವಲ್ಲ, ದಿನದ ಹದ. ಎಚ್ಚರವಾಗುವಾಗ ಒಂದು ನಿಲುಗಡೆ, ಕೆಲಸದ ನಡುವೆ ಒಂದು, ದಣಿವಿನ ಹೊತ್ತಿಗೆ ಒಂದು, ಮನೆಗೆ ಮರಳುವಾಗ ಒಂದು, ಮಲಗುವ ಮುನ್ನ ಒಂದು. ಯಾವ ಚಿಂತೆಯೂ ಮುರಿಯದೆ ದಿನವಿಡೀ ಒಂದೇ ಸಮನೆ ಮನಸ್ಸನ್ನು ಆಳಲು ಇಲ್ಲಿ ಎಡೆಯಿಲ್ಲ. ಕೆಲವು ಗಂಟೆಗಳಿಗೊಮ್ಮೆ ಅದರ ಎಳೆ ತುಂಡಾಗುತ್ತದೆ. ಇಡೀ ದಿನವನ್ನು ವಿಶ್ರಾಂತಿಗೆಂದು ಮೀಸಲಿಡುವ ಪದ್ಧತಿ ಇಸ್ಲಾಮಿನಲ್ಲಿ ಇಲ್ಲದಿರುವುದೂ ಗಮನಾರ್ಹ. ಶುಕ್ರವಾರದ ಸಾಮೂಹಿಕ ಪ್ರಾರ್ಥನೆಗೆ ವ್ಯಾಪಾರ ಬಿಟ್ಟು ಬನ್ನಿ ಎನ್ನುವ ಕುರ್‌ಆನಿನ 62ನೆಯ ಅಧ್ಯಾಯ, ಅದು ಮುಗಿದೊಡನೆ ಚದುರಿ ಹೋಗಿ ಜೀವನೋಪಾಯ ಅರಸಿಕೊಳ್ಳಲು ಹೇಳುತ್ತದೆ. ಬಿಡುವು ಕೆಲಸದ ಒಳಗೇ ಬರುತ್ತದೆ.

ನೀರು, ನಿಲುವು, ನೆಲ

ನಮಾಜಿಗೆ ಮುನ್ನ 'ವಜೂ' ಆಗಬೇಕು. ಮುಖ, ಮೊಣಕೈವರೆಗೆ ಕೈಗಳು, ಕಣಕಾಲುವರೆಗೆ ಪಾದಗಳು ನೀರು ಕಾಣಬೇಕು. ಒದ್ದೆ ಕೈಯಿಂದ ತಲೆ ಸವರಿಕೊಳ್ಳಬೇಕು. ಬಾಯಿ ಮುಕ್ಕಳಿಸುವುದು, ಮೂಗು ಶುಚಿಗೊಳಿಸುವುದು ಪ್ರವಾದಿಯ ರೂಢಿ. ಇದಕ್ಕೆ ನೀರು ಧಾರಾಳವಾಗಿ ಬೇಕೆಂಬುದು ತಪ್ಪು ಕಲ್ಪನೆ. ಪ್ರವಾದಿಯವರು ಒಂದು 'ಮುದ್ದ್' ನೀರಿನಲ್ಲಿ ವಜೂ ಮುಗಿಸುತ್ತಿದ್ದರೆಂದು ಹದೀಸುಗಳು ಹೇಳುತ್ತವೆ. ಇಂದಿನ ಅಳತೆಯಲ್ಲಿ ಅದು ಮುಕ್ಕಾಲು ಲೀಟರಿನ ಆಸುಪಾಸು. ನೀರೇ ಸಿಗದಿದ್ದರೆ, ಅಥವಾ ನೀರು ಸೋಕಿದರೆ ಕಾಯಿಲೆ ಹೆಚ್ಚುವಂತಿದ್ದರೆ, ಶುದ್ಧ ಮಣ್ಣನ್ನು ಮುಟ್ಟಿ ಮುಖ ಮತ್ತು ಕೈ ಸವರಿಕೊಳ್ಳುವ 'ತಯಮ್ಮುಮ್' ಸಾಕು. ನಮಾಜಿನ ಪ್ರಯೋಜನವನ್ನು ವಿವರಿಸಲು ಪ್ರವಾದಿಯವರು ನೀರಿನ ಹೋಲಿಕೆಯನ್ನೇ ಬಳಸಿದ್ದರು. ಮನೆಬಾಗಿಲಲ್ಲೇ ಹೊಳೆ ಹರಿಯುತ್ತಿದ್ದು ದಿನಕ್ಕೆ ಐದು ಸಲ ಅದರಲ್ಲಿ ಮೀಯುವವನ ಮೈಮೇಲೆ ಕೊಳೆ ಉಳಿದೀತೇ ಎಂದು ಅವರು ಸಂಗಡಿಗರನ್ನು ಕೇಳಿದ್ದರಂತೆ.

ಪ್ರಾರ್ಥನೆಯ ಒಂದು ಘಟಕಕ್ಕೆ 'ರಕಾತ್' ಎನ್ನುತ್ತಾರೆ. ಕಿಬ್ಲಾಕ್ಕೆ ಮುಖ ಮಾಡಿ ಕೈಗಳನ್ನೆತ್ತಿ ದೇವರು ಮಹಾನ್ ಎಂದು ಸಾರಿದಾಗ ಲೌಕಿಕ ಮಾತು ನಿಲ್ಲುತ್ತದೆ. ನಿಂತು ಕುರ್‌ಆನಿನ ಮೊದಲ ಅಧ್ಯಾಯವಾದ ಅಲ್-ಫಾತಿಹಾವನ್ನು ಪಠಿಸಿ, ಸೊಂಟ ಬಾಗಿಸಿ 'ರುಕೂ' ಮಾಡಿ, ಮತ್ತೆ ನೆಟ್ಟಗೆ ನಿಂತು, ಎರಡು ಸಲ 'ಸಜ್ದಾ' ಮಾಡಿದರೆ ಒಂದು ರಕಾತ್. ಸಜ್ದಾದಲ್ಲಿ ಮೂಗಿನೊಡನೆ ಹಣೆ, ಎರಡು ಅಂಗೈ, ಎರಡು ಮಂಡಿ ಮತ್ತು ಎರಡು ಪಾದಗಳ ಬೆರಳುಗಳು, ಹೀಗೆ ದೇಹದ ಏಳು ಭಾಗಗಳು ನೆಲ ಮುಟ್ಟಬೇಕು. ಬೆಳಗಿಗೆ ಎರಡು, ಮಧ್ಯಾಹ್ನಕ್ಕೆ ನಾಲ್ಕು, ಇಳಿಹೊತ್ತಿಗೆ ನಾಲ್ಕು, ಸಂಜೆಗೆ ಮೂರು, ರಾತ್ರಿಗೆ ನಾಲ್ಕು, ಒಟ್ಟು 17 ರಕಾತುಗಳು ಕಡ್ಡಾಯ. ಅಂದರೆ ಸಾಮಾನ್ಯ ದಿನವೊಂದರಲ್ಲಿ ನಂಬಿಕೆಯುಳ್ಳವನ ಹಣೆ ಕನಿಷ್ಠ 34 ಸಲ ನೆಲವನ್ನು ಮುಟ್ಟುತ್ತದೆ.

ಇದನ್ನು ವ್ಯಾಯಾಮವೆಂದು ಹೊಗಳುವವರಿದ್ದಾರೆ. ಕೀಲುಗಳಿಗೆ ಒಳ್ಳೆಯದಾಗಬಹುದು, ಆದರೆ ಧರ್ಮಶಾಸ್ತ್ರ ಇದನ್ನು ಆ ದೃಷ್ಟಿಯಿಂದ ವಿಧಿಸಿಲ್ಲ. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ, ಅದೂ ಆಗದವನು ಸನ್ನೆಯಿಂದಲೇ ನಮಾಜು ಮಾಡಬಹುದೆಂಬ ನಿಯಮವೇ ಇದಕ್ಕೆ ಸಾಕ್ಷಿ. ದೇಹ ಇಲ್ಲಿ ಮನಸ್ಸಿನ ಭಾಷೆ. ತನ್ನ ಕಷ್ಟವನ್ನು ಮಾತಿನಲ್ಲಿ ಹೇಳಿಕೊಳ್ಳಲು ಬಾರದವನೂ ಬಾಗಬಲ್ಲ, ನೆಲಕ್ಕೆ ಹಣೆಯೊತ್ತಬಲ್ಲ. ದಾಸನು ದೇವರಿಗೆ ಅತ್ಯಂತ ಹತ್ತಿರವಾಗುವುದು ಸಜ್ದಾದಲ್ಲಿ, ಆಗ ಹೆಚ್ಚು ಬೇಡಿಕೊಳ್ಳಿರಿ ಎಂದು ಪ್ರವಾದಿ ಬೋಧಿಸಿದ್ದರು. ಸ್ಥಿರವಾದ ಪಠಣಗಳೆಲ್ಲ ಅರಬ್ಬಿಯಲ್ಲಿರುತ್ತವೆ. ನಮಾಜು ಮುಗಿದ ಮೇಲೆ ಅಂಗೈ ಚಾಚಿ ಮಾಡುವ 'ದುವಾ' ಮಾತ್ರ ಅವರವರ ಮಾತಿನಲ್ಲಿ ನಡೆಯಬಹುದು. ಮಗನ ಪರೀಕ್ಷೆ, ಮಗಳ ಮದುವೆ, ಬ್ಯಾಂಕಿನ ಸಾಲ, ಬಾರದ ಮಳೆ, ಎಲ್ಲವೂ ಅಲ್ಲಿ ದಖ್ಖನಿಯಲ್ಲಿ, ಬ್ಯಾರಿಯಲ್ಲಿ, ಕನ್ನಡದಲ್ಲಿ ಹೇಳಿಕೊಳ್ಳುವ ಮಾತುಗಳಾಗುತ್ತವೆ.

ಒಂಟಿಯಾಗಿ ಮಾಡಿದ ನಮಾಜಿಗಿಂತ ಸಾಲಿನಲ್ಲಿ ನಿಂತು ಮಾಡಿದ್ದಕ್ಕೆ 27 ಪಟ್ಟು ಹೆಚ್ಚಿನ ಪುಣ್ಯವೆಂದು ಹದೀಸು ಹೇಳುತ್ತದೆ. ಸಾಲಿನಲ್ಲಿ ಮೊದಲು ಬಂದವನಿಗೆ ಮುಂದಿನ ಜಾಗ; ಅಂತಸ್ತಿನ ಲೆಕ್ಕವಿಲ್ಲ. 16ನೆಯ ಶತಮಾನದಲ್ಲಿ ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ ಕಟ್ಟಲು ಆರಂಭಿಸಿದ ವಿಜಯಪುರದ ಜುಮ್ಮಾ ಮಸೀದಿಗೆ ಭೇಟಿ ಕೊಟ್ಟವರು ಅದರ ನೆಲವನ್ನು ಗಮನಿಸಿರಬಹುದು. ಒಬ್ಬೊಬ್ಬರಿಗೆ ಒಂದರಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಅಲ್ಲಿ ಗೆರೆ ಎಳೆದು ಗುರುತಿಸಲಾಗಿದೆ. ದುಃಖದಲ್ಲಿರುವವನಿಗೆ ಪಕ್ಕದಲ್ಲೊಂದು ಹೆಗಲು ತಾಗುವುದು ಸಣ್ಣ ಸಂಗತಿಯಲ್ಲ. ದಿನವೂ ಬರುವ ಮುದುಕರೊಬ್ಬರು ಎರಡು ದಿನ ಕಾಣದಿದ್ದರೆ ಮನೆಗೆ ಹೋಗಿ ವಿಚಾರಿಸುವ ರೂಢಿ ಬೆಳೆದದ್ದೂ ಈ ಸಾಲುಗಳಿಂದಲೇ.

ಬೀಸುವ ಕಲ್ಲಿನ ಕೈಗಳು

ನಮಾಜಿನ ಬಳಿಕ ಬೆರಳೆಣಿಸಿಯೋ ಮಣಿಸರ ಹಿಡಿದೋ ಮಾಡುವ ದೇವಸ್ಮರಣೆಗೆ 'ಜಿಕ್ರ್' ಎಂದು ಹೆಸರು. ದೇವರ ಪಾವಿತ್ರ್ಯ, ಸ್ತುತಿ ಮತ್ತು ಮಹಿಮೆಯನ್ನು ಸಾರುವ ಮೂರು ಚಿಕ್ಕ ನುಡಿಗಳನ್ನು 33, 33 ಮತ್ತು 34ರಂತೆ ಒಟ್ಟು ನೂರು ಸಲ ಹೇಳುವುದು ಎಲ್ಲೆಡೆ ಬಳಕೆಯಲ್ಲಿದೆ. ಇದಕ್ಕೆ ಪ್ರವಾದಿಯ ಮಗಳು ಫಾತಿಮಾರ ಹೆಸರು ಅಂಟಿಕೊಂಡಿರುವುದರ ಹಿಂದೆ ಒಂದು ಮನೆವಾರ್ತೆಯ ಪ್ರಸಂಗವಿದೆ.

ಬೀಸುವ ಕಲ್ಲು ತಿರುಗಿಸಿ ತಿರುಗಿಸಿ ಫಾತಿಮಾರ ಕೈಗಳು ಬೊಬ್ಬೆ ಬಂದಿದ್ದವು. ಕೆಲಸಕ್ಕೊಬ್ಬರು ಆಳು ಸಿಕ್ಕಾರೇ ಎಂದು ಕೇಳಲು ಅವರು ತಂದೆಯ ಮನೆಗೆ ಹೋದರು, ತಂದೆ ಸಿಗಲಿಲ್ಲ. ವಿಷಯ ತಿಳಿದ ಪ್ರವಾದಿ ರಾತ್ರಿ ತಾವೇ ಮಗಳ ಮನೆಗೆ ಬಂದರು. ಗಂಡಹೆಂಡಿರು ಆಗಲೇ ಮಲಗಿದ್ದರು. ಏಳಲು ಬಿಡದೆ ಅವರ ಬಳಿ ಕುಳಿತು, ಆಳಿಗಿಂತ ಒಳ್ಳೆಯದೊಂದನ್ನು ಹೇಳಿಕೊಡುತ್ತೇನೆ ಎಂದು ಮಲಗುವ ಮುನ್ನ ಹೇಳಬೇಕಾದ ಈ ಮೂರು ನುಡಿಗಳನ್ನು ಕಲಿಸಿದರು. ಕಲ್ಲು ಬೀಸುವ ಕೆಲಸ ಇದರಿಂದ ತಪ್ಪಲಿಲ್ಲ. ಆದರೆ ದಣಿದ ದಿನದ ಕೊನೆಯ ಕ್ಷಣಗಳು ದೂರುವುದರಲ್ಲಿ ಕಳೆಯದಂತಾಯಿತು. ಬೀಸುವ ಕಲ್ಲಿನ ಮುಂದೆ ಪದ ಹೇಳಿ ದಣಿವು ಮರೆತ ನಾಡಿನ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುರ್‌ಆನಿನಲ್ಲೂ ಈ ಮನೋಧರ್ಮದ ಮಾತುಗಳಿವೆ. ದೇವರ ಸ್ಮರಣೆಯಿಂದ ಹೃದಯಗಳು ನೆಮ್ಮದಿ ಕಾಣುತ್ತವೆ ಎಂಬ ಆಶಯ 13ನೆಯ ಅಧ್ಯಾಯದಲ್ಲಿ ಬರುತ್ತದೆ. 70ನೆಯ ಅಧ್ಯಾಯ ಮನುಷ್ಯನ ಸ್ವಭಾವವನ್ನು ಚೆನ್ನಾಗಿ ಗುರುತಿಸುತ್ತದೆ. ಅವನು ಹುಟ್ಟಾ ಚಡಪಡಿಕೆಯವನು. ಕೆಟ್ಟದ್ದು ತಟ್ಟಿದರೆ ಕಂಗೆಡುತ್ತಾನೆ, ಒಳ್ಳೆಯದು ದೊರೆತರೆ ಜಿಪುಣನಾಗುತ್ತಾನೆ. ಪ್ರಾರ್ಥನೆಯಲ್ಲಿ ನಿರತರಾದವರು ಇದಕ್ಕೆ ಹೊರತು ಎಂಬುದು ಅಲ್ಲಿನ ತಾತ್ಪರ್ಯ. ಆ ಹೊರತಾದವರ ಲಕ್ಷಣಗಳಲ್ಲಿ ನಮಾಜಿನ ಬೆನ್ನಿಗೇ, ತಮ್ಮ ಸಂಪತ್ತಿನಲ್ಲಿ ಬಡವರಿಗೆ ನಿಶ್ಚಿತ ಪಾಲಿದೆಯೆಂದು ತಿಳಿಯುವುದನ್ನೂ ಹೇಳಲಾಗಿದೆ.

ಹಗ್ಗ ಬಿಚ್ಚಿಸಿದ ಪ್ರವಾದಿ

ಒಳ್ಳೆಯದೆಂದು ಹೇಳಿದ್ದನ್ನು ಅತಿಯಾಗಿ ಹಚ್ಚಿಕೊಳ್ಳುವುದು ಮನುಷ್ಯನ ಚಾಳಿ. ಆ ಅಪಾಯ ಆರಂಭದಲ್ಲೇ ಕಾಣಿಸಿತ್ತು. ಪ್ರವಾದಿ ಒಮ್ಮೆ ಮಸೀದಿಗೆ ಬಂದಾಗ ಎರಡು ಕಂಬಗಳ ನಡುವೆ ಹಗ್ಗವೊಂದು ಕಟ್ಟಿತ್ತು. ವಿಚಾರಿಸಿದಾಗ, ತಮ್ಮ ಪತ್ನಿ ಜೈನಬ್ ದೀರ್ಘಕಾಲ ನಮಾಜಿನಲ್ಲಿ ನಿಂತು ಸೋತಾಗ ಹಿಡಿದುಕೊಳ್ಳಲು ಕಟ್ಟಿದ್ದೆಂದು ತಿಳಿಯಿತು. ಅವರು ಅದನ್ನು ಬಿಚ್ಚಿಸಿದರು. ಹುರುಪಿರುವಷ್ಟು ಹೊತ್ತು ಪ್ರಾರ್ಥಿಸಲಿ, ದಣಿದಾಗ ಕುಳಿತುಕೊಳ್ಳಲಿ ಎಂಬುದು ಅವರ ಆದೇಶವಾಗಿತ್ತು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ಪ್ರಾರ್ಥನೆ ಎಂದು ಹಟ ಹಿಡಿದಿದ್ದ ಅಬ್ದುಲ್ಲಾ ಇಬ್ನ್ ಅಮ್ರ್ ಎಂಬ ಯುವಕನಿಗೆ, ನಿನ್ನ ದೇಹಕ್ಕೂ ಕಣ್ಣಿಗೂ ಹೆಂಡತಿಗೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರು.

ಇಂಥ ಪ್ರಸಂಗಗಳು ಇನ್ನೂ ಹಲವಿವೆ. ಮುಆಜ್ ಎಂಬ ಸಂಗಡಿಗ ರಾತ್ರಿಯ ನಮಾಜಿಗೆ ಮುಂದಾಳಾಗಿ ನಿಂತು ಕುರ್‌ಆನಿನ ಅತಿ ದೀರ್ಘ ಅಧ್ಯಾಯವನ್ನು ಪಠಿಸತೊಡಗಿದಾಗ, ದಿನವಿಡೀ ಒಂಟೆಗಳಿಂದ ನೀರು ಹೊರಿಸಿ ದಣಿದಿದ್ದ ದುಡಿಮೆಗಾರನೊಬ್ಬ ಸಾಲು ಬಿಟ್ಟು ಹೋದ. ದೂರು ಬಂದಾಗ ಪ್ರವಾದಿ ಗದರಿದ್ದು ಮುಆಜರನ್ನು, ಆ ದುಡಿಮೆಗಾರನನ್ನಲ್ಲ. ಹಿಂದಿನ ಸಾಲಿನಲ್ಲಿ ಮಗು ಅಳುವುದು ಕೇಳಿದರೆ ತಾಯಿಯ ಕಳವಳ ನೆನೆದು ತಾವು ನಮಾಜನ್ನು ಚುಟುಕುಗೊಳಿಸುತ್ತಿದ್ದುದಾಗಿ ಅವರೇ ಹೇಳಿಕೊಂಡಿದ್ದರು. ಒಮ್ಮೆ ಸಜ್ದಾದಲ್ಲಿದ್ದಾಗ ಮೊಮ್ಮಗ ಬೆನ್ನೇರಿ ಕುಳಿತ. ಅವನು ಇಳಿಯುವವರೆಗೆ ಅವರು ತಲೆಯೆತ್ತಲಿಲ್ಲ. ಖೈಬರಿನಿಂದ ಮರಳುವ ದಾರಿಯಲ್ಲಿ ಒಂದು ರಾತ್ರಿ ಕಾವಲಿಗಿದ್ದ ಬಿಲಾಲರೇ ನಿದ್ದೆಹೋಗಿ, ಎಲ್ಲರಿಗೂ ಎಚ್ಚರವಾದದ್ದು ಬಿಸಿಲು ಮುಖಕ್ಕೆ ಬಿದ್ದಾಗ. ಯಾರನ್ನೂ ಶಿಕ್ಷಿಸಲಿಲ್ಲ. ಸ್ವಲ್ಪ ಮುಂದೆ ಸಾಗಿ ಎಲ್ಲರೂ ಸೇರಿ ತಪ್ಪಿದ ನಮಾಜನ್ನು ಮುಗಿಸಿದರು. ಮರೆತವನು ನೆನಪಾದಾಗ, ಮಲಗಿದವನು ಎದ್ದಾಗ ಮಾಡಲಿ ಎಂಬ ನಿಯಮ ಅಲ್ಲಿಂದ ಬಂತು.

ಊಟ ಬಡಿಸಿಟ್ಟಿದ್ದರೆ ಮೊದಲು ಉಣ್ಣಿರಿ, ಆಮೇಲೆ ನಮಾಜು ಎಂಬ ಹದೀಸೂ ಇದೆ. ಹಸಿದ ಹೊಟ್ಟೆಯವನ ಮನಸ್ಸು ತಟ್ಟೆಯ ಮೇಲಿರುತ್ತದೆಯೆಂಬ ಸರಳ ಸತ್ಯ ಅದರಲ್ಲಿದೆ.

ಮನಸ್ಸು ಮುರಿದ ಪಂಡಿತ

ನಮಾಜಿನ ಒಳಮುಖವನ್ನು ಕುರಿತು ಬಹಳ ಆಳವಾಗಿ ಬರೆದವರಲ್ಲಿ ಇಮಾಮ್ ಗಜ್ಜಾಲಿ (1058-1111) ಪ್ರಮುಖರು. ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಅತ್ಯುನ್ನತ ಪೀಠಕ್ಕೆ 1091ರಲ್ಲಿ ನೇಮಕಗೊಂಡ ಅವರು ಆ ಕಾಲದ ಮುಸ್ಲಿಂ ಲೋಕದ ಅತಿ ಪ್ರಸಿದ್ಧ ಪಂಡಿತರು. 1095ರಲ್ಲಿ, 37ರ ವಯಸ್ಸಿನಲ್ಲಿ, ಅವರ ಬದುಕು ಏಕಾಏಕಿ ಕುಸಿಯಿತು. ತಮ್ಮ ಬೋಧನೆಯ ಹಿಂದಿರುವುದು ದೇವರಲ್ಲ, ಕೀರ್ತಿಯ ಆಸೆ ಎಂಬ ಅನುಮಾನ ಅವರನ್ನು ಕೊರೆಯತೊಡಗಿತು. ಪಾಠ ಹೇಳಲು ಬಾಯಿ ತೆರೆದರೆ ಮಾತು ಹೊರಡುತ್ತಿರಲಿಲ್ಲ. ಅನ್ನ ಸೇರುತ್ತಿರಲಿಲ್ಲ. ರೋಗದ ಮೂಲ ಹೃದಯದಲ್ಲಿದೆ, ಮದ್ದು ನಾಟದು ಎಂದು ವೈದ್ಯರು ಕೈಚೆಲ್ಲಿದರೆಂದು ಗಜ್ಜಾಲಿಯವರೇ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಕೊನೆಗೆ ಹುದ್ದೆ ತೊರೆದು, ಸಂಸಾರಕ್ಕೆ ಬೇಕಾದಷ್ಟನ್ನು ಉಳಿಸಿ ಆಸ್ತಿಯನ್ನು ಹಂಚಿ ಹೊರಟರು. ದಮಾಸ್ಕಸ್ಸಿನಲ್ಲಿ ಮಸೀದಿಯ ಮಿನಾರವನ್ನೇರಿ ಬಾಗಿಲು ಹಾಕಿಕೊಂಡು ಧ್ಯಾನದಲ್ಲಿ ದಿನ ಕಳೆದರು. ಮತ್ತೆ ಬೋಧನೆಗೆ ಮರಳಿದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ, ನೈಶಾಪುರದಲ್ಲಿ.

ಅವರ ಮೇರುಕೃತಿ 'ಇಹ್ಯಾ ಉಲೂಮುದ್ದೀನ್' ನಲವತ್ತು ಭಾಗಗಳಲ್ಲಿದೆ. ಅದರಲ್ಲೊಂದು ನಮಾಜಿನ ರಹಸ್ಯಗಳಿಗೇ ಮೀಸಲು. ಹೃದಯ ಹಾಜರಿಲ್ಲದ ನಮಾಜು ಜೀವವಿಲ್ಲದ ದೇಹದಂತೆ ಎಂಬುದು ಅವರ ನಿಲುವು. ಆದರೆ ಅವರು ಬರಿಯ ಉಪದೇಶಕ್ಕೆ ನಿಲ್ಲುವುದಿಲ್ಲ. ಮನಸ್ಸು ಅಲೆಯುವುದೇಕೆಂದು ಕಾರಣ ಹುಡುಕುತ್ತಾರೆ. ಹೊರಗಿನ ಕಾರಣವಾದರೆ, ಅಂದರೆ ಕಣ್ಣು ಕಿವಿಗಳಿಂದ ಬಂದದ್ದಾದರೆ, ಗೋಡೆಯ ಹತ್ತಿರ, ಚಿತ್ತಾರವಿಲ್ಲದ ಜಾಗದಲ್ಲಿ ನಿಲ್ಲಬೇಕು. ಚಿತ್ತಾರದ ಹೊದಿಕೆ ಗಮನ ಸೆಳೆಯಿತೆಂದು ಪ್ರವಾದಿಯೇ ಅದನ್ನು ತೆಗೆದು ಕೊಟ್ಟವನಿಗೆ ಮರಳಿಸಿದ್ದರಲ್ಲ! ಒಳಗಿನ ಕಾರಣವಾದರೆ ಚಿಕಿತ್ಸೆ ಕಠಿಣ. ಬಾಕಿ ಕೆಲಸವನ್ನು ಮೊದಲೇ ಮುಗಿಸಿ ಬರಬೇಕು, ಪಠಿಸುವ ಮಾತಿನ ಅರ್ಥಕ್ಕೆ ಮನಸ್ಸನ್ನು ಎಳೆತರಬೇಕು. ಅದಕ್ಕೂ ಬಗ್ಗದಿದ್ದರೆ ಆ ಚಿಂತೆಗೆ ಮೂಲವಾದ ಆಸೆಯನ್ನೇ ಕೀಳಬೇಕು. ಮರದ ಕೆಳಗೆ ಕುಳಿತವನು ಗುಬ್ಬಚ್ಚಿಗಳ ಗದ್ದಲವನ್ನು ಕೋಲು ಹಿಡಿದು ಓಡಿಸುತ್ತಲೇ ಇದ್ದರೆ ಅವು ಮತ್ತೆ ಮತ್ತೆ ಬರುತ್ತವೆ, ಶಾಂತಿ ಬೇಕಾದರೆ ಮರವನ್ನೇ ಕಡಿಯಬೇಕು ಎಂಬ ದೃಷ್ಟಾಂತ ಅವರದು.

ಅನುಮಾನಕ್ಕೆ ಮದ್ದು

ಮನಸ್ಸಿಗೆ ನೆಮ್ಮದಿ ಕೊಡಬೇಕಾದ ವಿಧಿಯೇ ಕೆಲವರಲ್ಲಿ ಕಾಡಾಟವಾಗುವುದುಂಟು. ಕೈ ಸರಿಯಾಗಿ ತೊಳೆದೆನೇ, ಮೂರು ರಕಾತ್ ಆಯಿತೇ ನಾಲ್ಕೇ, ಸಂಕಲ್ಪ ಸರಿಯಾಗಿತ್ತೇ ಎಂಬ ಅನುಮಾನದಲ್ಲಿ ಸಿಲುಕಿ ಗಂಟೆಗಟ್ಟಲೆ ನೀರಿನ ಬಳಿ ನಿಲ್ಲುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅರಬ್ಬಿಯಲ್ಲಿ ಇದಕ್ಕೆ 'ವಸ್‌ವಾಸ್' ಎಂದು ಹೆಸರು. ಇಂಥವರನ್ನು ಹೆಚ್ಚು ಧರ್ಮಭೀರುಗಳೆಂದು ವಿದ್ವಾಂಸರು ಹೊಗಳಲಿಲ್ಲ. 1223ರಲ್ಲಿ ತೀರಿಕೊಂಡ ದಮಾಸ್ಕಸ್ಸಿನ ಇಬ್ನ್ ಖುದಾಮಾ ಈ ಅತಿರೇಕವನ್ನು ಖಂಡಿಸಿ ಒಂದು ಪುಸ್ತಿಕೆಯನ್ನೇ ಬರೆದರು. ಅನುಮಾನದಿಂದ ನಿಶ್ಚಯ ಅಳಿಯದು ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಮೂಲಸೂತ್ರಗಳಲ್ಲಿ ಒಂದು. ವಜೂ ಮಾಡಿದ್ದು ಖಚಿತವಿದ್ದು ಅದು ಕೆಟ್ಟಿತೋ ಏನೋ ಎಂಬುದು ಬರಿಯ ಅನುಮಾನವಾದರೆ ವಜೂ ಉಳಿದಿದೆಯೆಂದೇ ಲೆಕ್ಕ. ರಕಾತಿನ ಎಣಿಕೆ ತಪ್ಪಿದರೆ ಖಚಿತವಾಗಿರುವ ಕಡಿಮೆ ಸಂಖ್ಯೆಯನ್ನು ಹಿಡಿದು ಮುಗಿಸಿ, ಕೊನೆಗೆ ಮರೆವಿನ ಎರಡು ಸಜ್ದಾ ಮಾಡಿದರಾಯಿತು.

ಎಲ್ಲ ಮನೋವ್ಯಥೆಗೂ ನಮಾಜೇ ಔಷಧಿ ಎಂದು ಈ ಪರಂಪರೆ ಹೇಳಿದ್ದೂ ಇಲ್ಲ. ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿಯ ಸ್ಪಷ್ಟ ಸೂಚನೆ. ಬುದ್ಧಿ ಸ್ವಾಧೀನ ತಪ್ಪಿದವನ ಮೇಲೆ, ಅದು ಮರಳುವವರೆಗೆ, ನಮಾಜಿನ ಹೊಣೆಯೇ ಇಲ್ಲ. ಇಂದಿನ ಅಫಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದ ಅಬೂಜೈದ್ ಅಲ್-ಬಲ್ಖಿ, 934ರಲ್ಲಿ ತೀರಿಕೊಂಡವರು, ದೇಹ ಮತ್ತು ಮನಸ್ಸುಗಳ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಎರಡು ಭಾಗ ಮಾಡಿ ವಿವರಿಸಿದರು. ಸಿಟ್ಟು, ಭಯ, ದುಃಖ, ಬಿಡದೆ ಕಾಡುವ ಆಲೋಚನೆ ಇವನ್ನು ಬೇರೆ ಬೇರೆಯಾಗಿ ಗುರುತಿಸಿ, ಕಾರಣ ಗೊತ್ತಿರುವ ದುಃಖವನ್ನೂ ಕಾರಣ ಕಾಣದ ದುಃಖವನ್ನೂ ವಿಂಗಡಿಸಿದರು. ಮನೆಯಲ್ಲಿ ಮದ್ದು ಕೂಡಿಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಧೈರ್ಯ ಕೊಡುವ ವಿಚಾರಗಳನ್ನು ಕೂಡಿಟ್ಟುಕೊಳ್ಳಬೇಕೆಂದು ಅವರು ಸಲಹೆ ಮಾಡಿದ್ದರು. ನಂಬಿಕೆಯುಳ್ಳವರಿಗೆ ದಿನದ ಐದು ಹೊತ್ತು ಅಂಥ ಕೂಡಿಡುವಿಕೆಯೂ ಹೌದು. ಕಷ್ಟ ಬಂದ ದಿನ ಹೊಸದಾಗಿ ಕಲಿಯಬೇಕಾದದ್ದು ಇರುವುದಿಲ್ಲ. ನಾಲಗೆಗೂ ಮಂಡಿಗೂ ದಾರಿ ಗೊತ್ತಿರುತ್ತದೆ.

ಬಲಕ್ಕೆ, ಎಡಕ್ಕೆ

ಕುರ್‌ಆನಿನ 107ನೆಯ ಅಧ್ಯಾಯ ಏಳೇ ಸಾಲಿನದು. ಅನಾಥನನ್ನು ದೂಡುವವನನ್ನು, ಬಡವನ ಅನ್ನಕ್ಕೆ ಒತ್ತಾಸೆಯಾಗದವನನ್ನು ಕುರಿತು ಆರಂಭವಾಗುವ ಅದು, ನಮಾಜನ್ನು ಉಡಾಫೆಯಿಂದ, ತೋರಿಕೆಗಾಗಿ ಮಾಡುವವರಿಗೆ ಕಠಿಣ ಎಚ್ಚರಿಕೆ ಕೊಡುತ್ತದೆ. ಅದರ ಕೊನೆಯ ಪದ 'ಮಾಊನ್'. ನೆರೆಯವರು ಕೇಳಿದಾಗ ಕೊಡುವ ಪಾತ್ರೆ, ಕೊಡಲಿ, ಬಾವಿಯ ಬಿಂದಿಗೆಯಂಥ ಸಣ್ಣಪುಟ್ಟ ವಸ್ತುಗಳು ಎಂದು ವ್ಯಾಖ್ಯಾನಕಾರರು ಅದನ್ನು ವಿವರಿಸಿದ್ದಾರೆ. ಅಷ್ಟನ್ನೂ ಕೊಡದವರ ನಮಾಜಿಗೆ ಬೆಲೆಯಿಲ್ಲ. ತನ್ನೊಬ್ಬನ ನೆಮ್ಮದಿಗೆಂದು ಮಾಡಿ, ಪಕ್ಕದ ಮನೆಯ ಸಂಕಟಕ್ಕೆ ಕಿವುಡಾಗುವ ಪ್ರಾರ್ಥನೆಯನ್ನು ಈ ಧರ್ಮ ಒಪ್ಪುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

ನಮಾಜು ಮುಗಿಯುವ ಬಗೆಯಲ್ಲೂ ಇದೇ ಸೂಚನೆ ಕಾಣುತ್ತದೆ. ಕಿಬ್ಲಾದತ್ತ ನೆಟ್ಟಿದ್ದ ಮುಖವನ್ನು ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ತಿರುಗಿಸಿ, ನಿಮ್ಮ ಮೇಲೆ ಶಾಂತಿಯಿರಲಿ ಎಂದು ಹಾರೈಸಿದರೆ ಪ್ರಾರ್ಥನೆ ಸಂಪೂರ್ಣ. ಆ ಹಾರೈಕೆ ದೇವದೂತರಿಗೂ ಸಲ್ಲುತ್ತದೆ, ಪಕ್ಕದಲ್ಲಿ ಕುಳಿತವರಿಗೂ ಸಲ್ಲುತ್ತದೆ. ಅಲ್ಲಿಂದ ಎದ್ದವನು ಚಪ್ಪಲಿ ಮೆಟ್ಟಿ ಪೇಟೆಗೆ ಮರಳುತ್ತಾನೆ. ಅವನ ಗಾಡಿಯನ್ನು ಅಷ್ಟು ಹೊತ್ತು ಕಾಯ್ದ ಪಕ್ಕದವನು, ಬಂದ ಗಿರಾಕಿಗೆ ಎರಡು ಡಜನ್ ಬಾಳೆಹಣ್ಣು ಮಾರಿ, ದುಡ್ಡನ್ನು ತಕ್ಕಡಿಯ ಕೆಳಗೆ ಇಟ್ಟಿರುತ್ತಾನೆ.